ಹೊರಗಿನ ಬೆಸುಗೆ

ಅವರ ಉಗುರುಗಳು ಮಾಂಸಕ್ಕೆ ತಾಗುವಷ್ಟು ಗಿಡ್ಡವಾಗಿರುತ್ತಿದ್ದವು. ಎಣ್ಣೆ ಕಾಣದ ಕೂದಲು ಒಣಹುಲ್ಲಿನಂತೆ ನಿಂತಿರುತ್ತಿತ್ತು. ಒಂದು ಎಣ್ಣೆಗೈ ತಾಗಿದರೂ ಪಾತ್ರೆಯೊಳಗಿನ ನಿರ್ವಾತ ಕೆಡುತ್ತದೆ ಎಂಬ ಭಯ ಅವರಿಗೆ. ಗೋವಾದ ಮಡ್ಕಯಿಯ ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಡಿಸೈನ್ ಸಾಹೇಬ್ರು ಎನ್ನುತ್ತಿದ್ದೆವು. ವಿಜಾಪುರದ ಕಡೆಯವರು.

ಅಲ್ಲಿ ಮೊದಲು ಹಾಲಿನ, ಔಷಧದ ತೊಟ್ಟಿಗಳು ಆಗುತ್ತಿದ್ದವು. ಆಮೇಲೆ ಒಂದು ಫ್ಯೂಷನ್ ಪ್ರಯೋಗಕ್ಕೆ ಉಕ್ಕಿನ ಪಾತ್ರೆ ಮಾಡುವ ಕೆಲಸ ಬಂತು. ಸೂರ್ಯನೊಳಗೆ ಆಗುವಂತೆ ಹೈಡ್ರೋಜನ್ ಬೆಸೆದು ಮುಂದೊಂದು ದಿನ ವಿದ್ಯುತ್ ತೆಗೆಯುವ ಸ್ಥಾವರ ಕಟ್ಟಲು ಇದು ಮೊದಲ ಹೆಜ್ಜೆಯಂತೆ. ಪಾತ್ರೆಯ ವಿನ್ಯಾಸ ಸಾಹೇಬರದು.

"ತೊಟ್ಟಿಯೊಳಗ ಹಾಲು ನಿಲ್ಲಬೇಕು. ಇದರೊಳಗ ಏನೂ ನಿಲ್ಲಬಾರದು, ಗಾಳಿ ಸೈತ," ಎಂದು ವೆಲ್ಡರುಗಳಿಗೆ ಹೇಳುತ್ತಿದ್ದರು.

"ಏನೂ ಇಲ್ಲದ್ದನ್ನ ಇಡಾಕ ಇಷ್ಟ ದಪ್ಪನ ಪಾತ್ರಿ ಯಾಕ್ರಿ ಸಾಹೇಬ್ರ? ನಮ್ಮ ಮನಿ ಹಿಟ್ಟಿನ ಡಬ್ಬಿ ತರ್ತೀನಿ, ಅದೂ ಖಾಲಿನ ಐತಿ," ಎಂದ ಗದಗದ ಒಬ್ಬ ವೆಲ್ಡರ್. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವರು ಸಾಹೇಬರೇ.

ಅವರ ನಕ್ಷೆಯಲ್ಲಿ ಬೆಸುಗೆ ಒಳಬದಿಗೆ ಮಾತ್ರ. ತೊಟ್ಟಿ ಮಾಡಿ ಪಳಗಿದ ಕೈಗಳಿಗೆ ಅದು ಅರ್ಧ ಕೆಲಸವೆನಿಸುತ್ತಿತ್ತು. ಹೊರಗೂ ಬೆಸೆದರೆ ಒಳಗಿನ ಬಿರುಕು ಎರಡು ಬೆಸುಗೆಗಳ ನಡುವೆ ಅಡಗಿಬಿಡುತ್ತದೆ, ಯಾವ ಪರೀಕ್ಷೆಗೂ ಸಿಗುವುದಿಲ್ಲ, ಅಲ್ಲಿ ಸಿಕ್ಕ ಗಾಳಿ ಮಾತ್ರ ಒಳಗೆ ಜಿನುಗುತ್ತಲೇ ಇರುತ್ತದೆ ಎಂದು ಅವರು ಬೇಸರವಿಲ್ಲದೆ ಮತ್ತೆ ಮತ್ತೆ ಹೇಳುತ್ತಿದ್ದರು.

ಪರೀಕ್ಷೆಯ ಕೆಲಸ ನನ್ನದು. ಪಾತ್ರೆಯ ಗಾಳಿ ಎಳೆದು, ಹೊರಗಿನಿಂದ ಬೆಸುಗೆಯ ಮೇಲೆ ಹೀಲಿಯಂ ಬಿಡುತ್ತಿದ್ದೆ. ಅದು ಒಳಗೆ ನುಸುಳಿದರೆ ಮೀಟರಿನ ಮುಳ್ಳು ಏಳುತ್ತಿತ್ತು. ಒಂದು ಜಾಗದಲ್ಲಿ ಎದ್ದಿತು. ಕತ್ತರಿಸಿ ಹೊಸದಾಗಿ ಮಾಡಿ ಎಂದರು ಸಾಹೇಬರು. ಅವರು ಊರಿಗೆ ಹೋದ ಭಾನುವಾರ ನೋಡಿ, ಮಾಲೀಕರು ಅದೇ ಜಾಗಕ್ಕೆ ಹೊರಗಿನಿಂದ ಬೆಸುಗೆ ಹಾಕಿಸಿದರು. ಸೋಮವಾರ ಮುಳ್ಳು ಅಲುಗಲಿಲ್ಲ.

"ಸೋರೂದು ನಿಂತತಲ್ರಿ," ಎಂದರು ಮಾಲೀಕರು. ಅವರು ಬೆಳಗಾವಿಯವರು.

"ನಿಂತಿಲ್ರಿ. ಗಾಯ ತೊಳೀದನ ಪಟ್ಟಿ ಕಟ್ಟೀರಿ," ಎಂದರು ಸಾಹೇಬರು.

ಪ್ರಯೋಗದವರ ಕಡೆಯಿಂದ ಪಾತ್ರೆ ಒಯ್ಯಲು ಬಂದ ಅಧಿಕಾರಿಯ ಮುಂದೆ ಸಾಹೇಬರು ತಾವೇ ಡ್ರಿಲ್ ಹಿಡಿದು ಹೊರಗಿನ ಬೆಸುಗೆಗೆ ಸಣ್ಣ ತೂತು ಕೊರೆದರು. "ತಂಗಿ, ಇಲ್ಲಿ ಗ್ಯಾಸ್ ಬಿಡು." ಬಿಟ್ಟೆ. ಮುಳ್ಳು ಎದ್ದು ಕೊನೆಗೆ ಹೋಗಿ ನಿಂತಿತು.

"ಏನ್ ಕಂಡಿ, ಹೇಳು."

"ಒಳಗಿಂದು ಸೋರಾಕತ್ತೈತ್ರಿ," ಎಂದೆ.

"ಏ ಹುಡುಗಿ, ನಿನ್ನ ಯಾರ್ ಕೇಳ್ಯಾರ?" ಎಂದರು ಮಾಲೀಕರು.

"ನಾ ಕೇಳೀನ್ರಿ," ಎಂದರು ಸಾಹೇಬರು.

ಅಧಿಕಾರಿ ಎಲ್ಲವನ್ನೂ ನೋಡಿದರು. ನೋಡಲಿಲ್ಲವೆಂದು ನಾನು ಹೇಳಲಾರೆ. ಆಮೇಲೆ ಹಿಂದಿಯಲ್ಲಿ, ಆ ತೂತು ಮುಚ್ಚಿಸಿ, ಮಾರ್ಚ್ ಮುಗಿಯುವುದರೊಳಗೆ ಪಾತ್ರೆ ಬರಬೇಕು ಎಂದರು. ಮಾಲೀಕರು ಪೇಡೆಯ ಪೆಟ್ಟಿಗೆ ತೆರೆದರು. ಅಧಿಕಾರಿ ಎರಡು ತಿಂದು ಬೆರಳು ನೆಕ್ಕಿಕೊಂಡರು. ಅದೇ ಕೈಯಿಂದ ನನ್ನ ಕೈಗೂ ಒಂದು ಇಟ್ಟರು. ಅದನ್ನು ಎಲ್ಲಿ ಎಸೆದೆನೋ ನೆನಪಿಲ್ಲ, ಕೈಯನ್ನು ಮಾತ್ರ ತುಂಬ ಹೊತ್ತು ತೊಳೆದೆ.

ಸಾಹೇಬರನ್ನು ಆ ವಾರವೇ ಕೆಲಸದಿಂದ ಬಿಡಿಸಿದರು. ಲಾರಿಗೆ ಚೆಂಡುಹೂವಿನ ಮಾಲೆ ಹಾಕಿ ಪಾತ್ರೆ ಕಳಿಸಿದರು. ಫೋಂಡಾದಲ್ಲಿದ್ದ ಅವರ ಬಾಡಿಗೆ ಮನೆಗೆ ನಾನು ಹೋದಾಗ ಒಂದೇ ಮಾತು ಹೇಳಿದರು: "ನೌಕರಿ ಹೋತು, ಹೋಗ್ಲಿ. ಆ ಪಾತ್ರಿ ಮ್ಯಾಲ ನನ್ನ ಹೆಸರು ಐತಲ್ಲ ತಂಗಿ, ಅದಕ್ಕ ಸಂಕಟ ಆಗತೈತಿ."

ಮರುವರ್ಷ ಎದೆನೋವಿನಿಂದ ತೀರಿಕೊಂಡರು. ಪಾತ್ರೆ ಸೋರುತ್ತಿದೆ ಎಂದು ದೂರು ಬಂದದ್ದು ಅದಾದ ಮೇಲೆ. ವಿನ್ಯಾಸದ ದೋಷ, ಮಾಡಿದವರು ಈಗಿಲ್ಲ ಎಂದು ಮಾಲೀಕರು ಉತ್ತರ ಕೊಟ್ಟರು. ಅಧಿಕಾರಿಯೂ ಒಪ್ಪಿಕೊಂಡರು. ಇಬ್ಬರಿಗೂ ಅದೇ ಅನುಕೂಲ.

ಅವರು ಕಲಿಸಿದ ಕೆಲಸದಿಂದಲೇ ನಾನು ಇಂದಿಗೂ ಅನ್ನ ತಿನ್ನುತ್ತಿದ್ದೇನೆ. ಆದ್ದರಿಂದ ಇಷ್ಟನ್ನು ಬರೆದಿಡಬೇಕು: ವಿನ್ಯಾಸದಲ್ಲಿ ದೋಷವಿರಲಿಲ್ಲ. ನಾನು ಅಲ್ಲೇ ನಿಂತಿದ್ದೆ.