ಪುಕ್ಕಟೆ ಊರು

ಎರಡು ಊರಲ್ಲಿ ಕೆಲಸ ಸಿಕ್ಕು, ಯಾವುದಕ್ಕೆ ಹೋಗುವುದೆಂದು ತಿಳಿಯದವರೆಲ್ಲ ಸಲಹೆಗೆ ಓಡಿಬರುವುದು ಆಸ್ಪತ್ರೆಯ ಲೆಕ್ಕಪತ್ರ ನೋಡುವ ಅಕ್ಕನ ಹತ್ತಿರ. ಸಂಬಳ, ಬಾಡಿಗೆ ಅವಳು ಆಮೇಲೆ ಕೇಳುತ್ತಾಳೆ, ಮೊದಲ ಪ್ರಶ್ನೆ, "ಬೆಳಗ್ಗೆ ಎದ್ದು ಅಡುಗೆ ಮಾಡೋರು ಯಾರಪ್ಪ?" "ಈ ಊರಲ್ಲಾದ್ರೆ ಅಮ್ಮ ಇದ್ದಾರಲ್ಲಕ್ಕಾ" ಎಂದರೋ, ಮುಗಿಯಿತು. "ಹಾಗಾದ್ರೆ ಈ ಊರು ಅಗ್ಗ ಅಲ್ಲ, ನಿಮ್ಮಮ್ಮ ಅಗ್ಗ!" ದೊಡ್ಡ ಡಾಕ್ಟರನ್ನೂ ಅವಳು ಬಿಟ್ಟವಳಲ್ಲ. ಈಗ ಅವಳಿಗೇ ದೊಡ್ಡ ಊರಿಗೆ ಬಡ್ತಿ ಬಂತು. "ಹೆಚ್ಚಿನ ಸಂಬಳ ಬಾಡಿಗೆಗೇ ಹೋಗುತ್ತೆ ಕಣೇ. ಇಲ್ಲಿ ನಮ್ಮಪ್ಪನ ಮನೆ, ಊಟ ತಿಂಡಿ ಎಲ್ಲ ಪುಕ್ಕಟೆ" ಎಂದ ದರ್ಜಿ ಗಂಡ, ಅವಳು ಬಡಿಸಿದ ತಟ್ಟೆಯಿಂದ ತಲೆಯೆತ್ತದೆ. "ಪುಕ್ಕಟೆ ಯಾಕಾಗುತ್ತೆ ರೀ? ಆರು ಜನಕ್ಕೆ ಬೇಯಿಸಿಟ್ಟು ಕೆಲಸಕ್ಕೆ ಓಡ್ತೀನಲ್ಲ, ಅದೇ ಇಲ್ಲಿನ ಬಾಡಿಗೆ. ನಾನು ಒಪ್ಕೊಂಡಾಯ್ತು. ನಿಮ್ಮ ಹೊಲಿಗೆ ಮಿಷನ್ ಎಲ್ಲಿಟ್ಟರೂ ಓಡುತ್ತೆ, ಬನ್ನಿ." ಭಾನುವಾರ ಇಬ್ಬರೂ ಅಲ್ಲಿ ಮನೆ ನೋಡಲು ಹೋದರು. ಮನೆ ತೋರಿಸುವವನು ಬಾಲ್ಕನಿಯ ಗಾಳಿಯನ್ನು ಹೊಗಳುತ್ತಿದ್ದರೆ, ಅವಳು ಗಂಡನನ್ನು ಕರೆದೊಯ್ದು ಪಾತ್ರೆ ತೊಳೆಯುವ ಸಿಂಕಿನ ಮುಂದೆ ನಿಲ್ಲಿಸಿದಳು. "ಸ್ವಲ್ಪ ಬಗ್ಗಿ ರೀ." ಆರಡಿಯ ಆಳು ಬಗ್ಗಿ, ಸೊಂಟ ಹಿಡಿದುಕೊಂಡು ಎದ್ದ. "ಇವರಿಗೆ ತೀರಾ ತಗ್ಗಾಯ್ತು" ಎಂದಳು ಅವಳು, "ಬೇರೆ ಮನೆ ತೋರಿಸಿ."