ಭಾವನ ಬಿಪಿಗೊಂದು ಫುಟ್ಬಾಲ್ ಪುಸ್ತಕ

ಫುಟ್ಬಾಲ್ ಹುಚ್ಚಿನವರು ಬೇಸಿಗೆಯಲ್ಲಿ ಯಾವ ಪುಸ್ತಕ ಓದಬೇಕು ಎಂದು ಯಾರಾದರೂ ಕೇಳಿದರೆ, ನಾನು ಮೊದಲು ಅವರ ಬಿಪಿ ಎಷ್ಟೆಂದು ಕೇಳುತ್ತೇನೆ. ಕಿಕ್ಕೇರಿಯ ನಮ್ಮ ಭಾವ ಕಲಿಸಿದ ಪಾಠ ಇದು.

ಈ ಬೇಸಿಗೆಯಲ್ಲಿ ಭಾವನಿಗೆ ಹರ್ನಿಯಾ ಆಪರೇಷನ್ ಆಗಬೇಕಿತ್ತು. ಬಿಪಿ ಇಳಿಯದ ಹೊರತು ಆಗುವುದಿಲ್ಲವೆಂದು ಡಾಕ್ಟರು ಎರಡು ಸಲ ವಾಪಸು ಕಳಿಸಿದ್ದರು. ಇನ್ನೂ ತಡವಾದರೆ ವಿಶ್ವಕಪ್ಪಿನ ಹೊತ್ತಿಗೆ ಭಾವ ಆಸ್ಪತ್ರೆ ಮಂಚದ ಮೇಲೆ. ಬಿಪಿ ಏರಿಸುತ್ತಿದ್ದುದು ಮೊಬೈಲಿನ ಮ್ಯಾಚುಗಳೇ ಆದ್ದರಿಂದ ಅಕ್ಕ ಮೊಬೈಲನ್ನು ರಾಗಿಹಿಟ್ಟಿನ ಡಬ್ಬದೊಳಗೆ ಹೂತಿಟ್ಟಿದ್ದಳು.

"ಮ್ಯಾಚ್ ಇಲ್ದೆ ಈವಯ್ಯ ನನ್ ಮೇಲೇ ಎಗರಾಡ್ತಾವ್ರೆ ಕಣೋ. ಫುಟ್ಬಾಲ್ದೇ ಒಂದ್ ಪುಸ್ತಕ ತಂದ್ಕೊಡು" ಎಂದು ಫೋನು ಮಾಡಿದಳು.

ನನಗೆ ಮೇಷ್ಟ್ರ ಕೆಲಸ, ಬೇಸಿಗೆ ರಜೆ, ಜೊತೆಗೆ ಎಲ್ಲದಕ್ಕೂ ಹೆದರುವ ಸ್ವಭಾವ. ಪುಸ್ತಕದಂಗಡಿಯಲ್ಲಿ ಮೊದಲು ದೊಡ್ಡ ಆಟಗಾರನೊಬ್ಬನ ಜೀವನಚರಿತ್ರೆ ಕೈಗೆತ್ತಿಕೊಂಡೆ. ಕೊನೇ ನಿಮಿಷದ ಪೆನಾಲ್ಟಿ ಕಂಡಿತು, ಕೆಳಗಿಟ್ಟೆ. ಕಡೆಗೆ ಸಿಕ್ಕಿತು ಯಾವುದೋ ಚಳಿದೇಶದ ಸಣ್ಣ ಊರಿನ ತಂಡವೊಂದರ ಕಥೆ. ಇಡೀ ಪುಸ್ತಕದಲ್ಲಿ ಆ ತಂಡ ಒಂದು ಪಂದ್ಯವನ್ನೂ ಗೆಲ್ಲುವುದಿಲ್ಲ. ಎದೆ ಹೊಡೆದುಕೊಳ್ಳುವಂಥದ್ದೇನೂ ಇಲ್ಲ. ಮುದ್ದೆಯ ಹಾಗೆ, ಅಗಿಯದೆ ನುಂಗಬಹುದಾದ ಪುಸ್ತಕ. ಶ್ರೀರಂಗಪಟ್ಟಣದಿಂದ ಕಿಕ್ಕೇರಿ ತಲುಪುವವರೆಗೂ ನನ್ನ ಬುದ್ಧಿಗೆ ನಾನೇ ತಲೆದೂಗುತ್ತಿದ್ದೆ.

ಆ ಮನೆಯ ಪದ್ಧತಿಯನ್ನು ಮಾತ್ರ ಮರೆತಿದ್ದೆ. ಬೇಸಿಗೆಯ ಸಂಜೆ ಜಗಲಿಯ ಮೇಲೆ ಒಬ್ಬರು ಮಹಾಭಾರತ ಓದುವುದು, ಉಳಿದವರು ಕೇಳುವುದು. ಭಾವ ನನ್ನನ್ನೇ ಕೂರಿಸಿ ಓದಿಸಿದರು. ಪಕ್ಕದ ಮನೆಯ ಅಜ್ಜಿ ಎಲೆಅಡಿಕೆ ಚೀಲದ ಸಮೇತ ಬಂದು ಕಾಲು ನೀಡಿ ಕೂತರು. ತಂಡ ಐದು ಗೋಲುಗಳಿಂದ ಸೋತಿತು. ನಾನು ನೆಮ್ಮದಿಯಿಂದ ಪುಸ್ತಕ ಮುಚ್ಚಿದೆ.

"ಅಯ್ಯಯ್ಯೋ! ಸೋಲಿನ್ ಮ್ಯಾಲೆ ಗ್ರಂಥ ಮುಚ್ತಾರೇನಪ್ಪಾ? ಕೇಳ್ದೋರ್ಗೆ ಒಳ್ಳೇದಾಗಾಕಿಲ್ಲ. ಗೆಲ್ಲೋಗಂಟ ಓದು" ಎಂದರು ಅಜ್ಜಿ.

"ಮೇಷ್ಟ್ರಾಗಿ ಇಷ್ಟೂ ಗೊತ್ತಿಲ್ವೇನ್ಲಾ?" ಎಂದರು ಭಾವ. ಅವರ ಕಣ್ಣು ಕೆಂಪಗಾಗುತ್ತಿತ್ತು.

ಮುಂದಿನ ಪಂದ್ಯ ಓದಿದೆ. ಸೋತರು. ಅದರ ಮುಂದಿನದರಲ್ಲೂ ಸೋತರು. ಭಾವ ಎದ್ದು ನಿಂತು, ಪುಸ್ತಕದೊಳಗಿನ ಕೋಚಿಗೆ ಬೈಯತೊಡಗಿದರು. ಒಳಗಿನಿಂದ ಅಕ್ಕ ನನ್ನನ್ನು ನೋಡಿದ ನೋಟಕ್ಕೆ ನನ್ನದೇ ಎದೆ ಡವಗುಟ್ಟಿತು. ಪುಟ ತಿರುಗಿಸಿದಂತೆ ಮಾಡಿ, ಬಾಯಿಗೆ ಬಂದದ್ದನ್ನು ಓದಿದೆ: ಗೋಲ್ ಕೀಪರೇ ತನ್ನ ಜಾಗ ಬಿಟ್ಟು ಮೈದಾನವಿಡೀ ಓಡಿಬಂದು ಚೆಂಡನ್ನು ತಲೆಯಲ್ಲಿ ಗುದ್ದಿದ. ಗೋಲ್! ತಂಡ ಗೆದ್ದಿತು.

"ಯಾರ್ ಎತ್ತ ಮಗ್ನೋ, ಅವ್ನ ಒಟ್ಟೆ ತಣ್ಗಿರ್ಲಿ" ಎಂದು ಅಜ್ಜಿ ಕೈ ಮುಗಿದು ಎದ್ದರು. ಭಾವ ಮಜ್ಜಿಗೆ ಕುಡಿದು ಮಗುವಿನಂತೆ ಮಲಗಿದರು.

ಆಮೇಲೆ ಪ್ರತಿ ಸಂಜೆಯೂ ಗೆಲ್ಲಿಸಲೇಬೇಕಾಯಿತು. ತಮ್ಮೂರಲ್ಲಿ ಎಂದೂ ಗೆಲ್ಲದ ಆ ತಂಡ ಕಿಕ್ಕೇರಿಯಲ್ಲಿ ಒಂದು ದಿನವೂ ಸೋಲಲಿಲ್ಲ.

ಮತ್ತೆ ಬಿಪಿ ನೋಡಿಸುವ ದಿನ ಬಂತು. ಆಸ್ಪತ್ರೆಯಲ್ಲಿ ನಾನು ಟೀ ತರಲು ಹೋಗಿದ್ದೆ. ಬಂದು ನೋಡಿದರೆ ಭಾವ ಕನ್ನಡಕ ಏರಿಸಿ, ನನ್ನ ಚೀಲದಿಂದ ಪುಸ್ತಕ ತೆಗೆದು ತಾವೇ ಓದುತ್ತಿದ್ದಾರೆ. ಎಡಗೈ ನರ್ಸಮ್ಮನ ವಶದಲ್ಲಿದೆ. ಆಕೆ ಆಗಲೇ ಪಟ್ಟಿ ಸುತ್ತಿ ಗಾಳಿ ಒತ್ತುತ್ತಿದ್ದಾಳೆ. ಕೈಯಲ್ಲಿದ್ದ ಟೀ ನನ್ನ ಪ್ಯಾಂಟಿನ ಮೇಲೆ ಚೆಲ್ಲಿತು.

"ಲೇ ಬಾಮೈದ, ಇದ್ನ ಅಚ್ಚಾಕ್ದೋರ್ಗೆ ಜವಾಬ್ದಾರಿ ಬ್ಯಾಡ್ವೇನ್ಲಾ? ಆ ಕೀಪರ್ ಒಡ್ದ ಗೋಲ್ನೇ ಬುಟ್ಬುಟ್ಟವ್ರಲ್ಲ!"

"ಪುಟ ಬಿಟ್ಟೋಗಿರ್ಬೇಕು ಭಾವ" ಎಂದೆ.

"ಮಾತಾಡ್ಬೇಡಿ ಯಜಮಾನ್ರೇ" ಎಂದ ನರ್ಸಮ್ಮ ಪಟ್ಟಿ ಬಿಚ್ಚುತ್ತಾ, "ಇಳ್ದಿದೆ. ನಾಳಿದ್ದು ಆಪರೇಷನ್ ಮಾಡ್ತಾರೆ" ಎಂದಳು.

ಭಾವ ಪುಸ್ತಕವನ್ನು ನನ್ನ ಎದೆಗೆ ಒತ್ತಿದರು. "ಇದ್ನ ಅಂಗ್ಡಿಗೆ ವಾಪಸ್ ಕೊಟ್ಬುಟ್ಟು, ಪುಟ ಪೂರ್ತಿ ಇರೋದ್ನ ತತ್ತಾ. ಆಪರೇಷನ್ ಆದ್ಮೇಕೆ ಮಲ್ಗಿದ್ದಂಗೇ ಓದ್ತೀನಿ."