ಅಮ್ಮನ ಪಾದಕ್ಕೆ ಬಿಸಿ ನೆಲ

ಗರಾಜಿನ ಮೇಲಿನ ಕೋಣೆಯನ್ನು ದೇವರ ಕೋಣೆ ಮಾಡಿದ್ದು ನನ್ನದೇ ಬುದ್ಧಿವಂತಿಕೆ. ಪೂರ್ವಕ್ಕೆ ಕಿಟಕಿ ಇದೆ ಎಂದು ಹಿಗ್ಗಿದ್ದೆ. ಕೆಳಗಿನ ಗರಾಜಿಗೆ ಹೀಟಿಂಗ್ ಇಲ್ಲ ಎಂಬುದನ್ನು ಮಿಶಿಗನ್ನಿನ ಮೊದಲ ಚಳಿಗಾಲ ಕಲಿಸಿಕೊಟ್ಟಿತು. ಅಮ್ಮ ದಿನಾ ಬೆಳಿಗ್ಗೆ ಅಲ್ಲಿ ಮುಕ್ಕಾಲು ಗಂಟೆ ಬರಿಗಾಲಲ್ಲಿ ನಿಂತು ಪೂಜೆ ಮಾಡುತ್ತಾಳೆ. ಸಕ್ಕರೆ ಕಾಯಿಲೆಯಿಂದ ಅವಳ ಪಾದಗಳಿಗೆ ಸ್ಪರ್ಶಜ್ಞಾನವೇ ಇಲ್ಲ. ಹೋದ ವರ್ಷ ಚಳಿಗೆ ಹಿಮ್ಮಡಿ ಒಡೆದು ಆದ ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ಇನ್ನೊಂದು ಗಾಯವಾದರೆ ಕಾಲು ಉಳಿಸುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

"ಸಾಕ್ಸ್ ಹಾಕ್ಕೊಂಡು ಪೂಜೆ ಮಾಡಮ್ಮ" ಅಂದರೆ, "ದೇವರ ಮುಂದೆ ಕಾಲ್ಚೀಲಾನಾ? ಸುಮ್ನಿರೋ" ಅನ್ನುತ್ತಿದ್ದಳು.

ಹಾಗಾಗಿ ನೆಲವನ್ನೇ ಬಿಸಿ ಮಾಡಲು ಹೊರಟೆ. ದೇವರುಗಳೆಲ್ಲ ಊಟದ ಮೇಜಿನ ಮೇಲೆ ಬಂದು ಕೂತರು. ಪಕ್ಕದ ವಿಕ್ಸಮ್ ಊರಿನ ಫ್ಯಾಕ್ಟರಿಯಲ್ಲಿ ದಿನವಿಡೀ ಹೆಣಗಿ, ಸಂಜೆ ಮನೆಗೆ ಬಂದು ಮಂಡಿಯೂರುವುದು. ಕಾರ್ಪೆಟ್ ಕಿತ್ತೆ, ಉಳಿದ ಮೊಳೆಗಳನ್ನು ಒಂದೊಂದಾಗಿ ಎಳೆದೆ, ಪ್ಲೈವುಡ್ ಅಲ್ಲಾಡದಂತೆ ಸ್ಕ್ರೂ ಬಿಗಿದೆ. ಅದರ ಮೇಲೆ ಗೀರು ಕೊರೆದ ಬೋರ್ಡುಗಳನ್ನು ಅಂಟಿಸಿ, ಬಿಸಿಯಾಗುವ ವೈರನ್ನು ಆ ಗೀರುಗಳೊಳಗೆ ಒತ್ತಿ ಕೂರಿಸಬೇಕು. ಬೋರ್ಡಿನ ಧೂಳು ಒರೆಸದಿದ್ದರೆ ಟೈಲ್ ಹಿಡಿಯುವುದಿಲ್ಲ. ನರ್ಸು ಬಿ.ಪಿ. ನೋಡಿದ ಹಾಗೆ ಪ್ರತಿ ಹಂತದಲ್ಲೂ ಮೀಟರು ಹಿಡಿದು ವೈರು ಬದುಕಿದೆಯೇ ಎಂದು ನೋಡಬೇಕು. ಡಬ್ಬದ ಮೇಲೆ 'ಸುಲಭ' ಎಂದು ಬರೆದವನು ಸಿಕ್ಕಿದ್ದರೆ ನನ್ನ ಮಂಡಿ ತೋರಿಸುತ್ತಿದ್ದೆ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನನಗೆ ಬರೀ ಕೆಸರೇ ಸಿಕ್ಕಿತ್ತು.

ಭಾನುವಾರ ಸಂಜೆ ಕೊನೆಯ ಟೈಲ್ ಕೂತಿತು. ಕೆಳಗಿನ ಅಂಟು ಇನ್ನೂ ಹಸಿ. ಸೋಮವಾರ ಸಂಜೆ ಸಂದುಗಳಿಗೆ ಗ್ರೌಟ್ ತುಂಬಿ ಮುಚ್ಚಬೇಕು, ಅಲ್ಲಿಯವರೆಗೆ ಕಾಲಿಡಬೇಡ ಎಂದು ಅಮ್ಮನಿಗೆ ಹೇಳಿಯೇ ಬೆಳಿಗ್ಗೆ ಕೆಲಸಕ್ಕೆ ಹೋದೆ.

ಬಂದು ನೋಡಿದರೆ ನೆಲವೆಲ್ಲ ಒದ್ದೆ. ಸಂದುಗಳಲ್ಲಿ ಅರಿಶಿನದ ನೀರು ನಿಂತಿತ್ತು. ಬಾಗಿಲಲ್ಲಿ ಬಕೆಟ್ಟು, ಬಟ್ಟೆ, ಅಮ್ಮ.

"ಇಷ್ಟು ದಿನ ಶೂ ಹಾಕ್ಕೊಂಡು ತುಳಿದಿದೀಯ. ದೇವರನ್ನ ಹಾಗೇ ತಂದು ಇಡಕ್ಕಾಗತ್ತಾ? ಅದಕ್ಕೇ ತೊಳೆದುಬಿಟ್ಟೆ" ಅಂದಳು.

ನಮ್ಮ ಮೈಸೂರಿನವರಿಗೆ ಹೊಸ ನೆಲ ಕಂಡರೆ ಒಂದು ಬಕೆಟ್ಟು ನೀರು ಸುರಿದರೇ ಸಮಾಧಾನ. ನನಗೆ ಸೊಂಟನೋವು, ಅರೆನಿದ್ದೆ. ತಾಳ್ಮೆಯಂತೂ ಶನಿವಾರವೇ ಮುಗಿದಿತ್ತು. "ಯಾರಿಗೋಸ್ಕರ ಸಾಯ್ತಾ ಇದೀನಮ್ಮ ನಾನು? ಒಂದು ಮಾತು ಹೇಳಿದ್ರೆ ಅರ್ಥ ಆಗಲ್ವಾ ನಿನಗೆ?" ಎಂದು ಕೂಗಿಬಿಟ್ಟೆ. ಅಮ್ಮ ಬಾಗಿ ಒದ್ದೆ ಬಟ್ಟೆ ಹಿಂಡಿದಳು. ಬಕೆಟ್ಟು ಎತ್ತಿಕೊಂಡು ಹೋದಳು.

ಸ್ಪಂಜಿನಿಂದ ನೀರು ಹೀರಲು ಕೂತೆ. ನಡುವಿನ ಟೈಲಿನ ಮೇಲೆ ಕೆಂಪು ಕಂಡಿತು. ಕುಂಕುಮವನ್ನೂ ಹಾಕಿದ್ದಾಳಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ಮುಟ್ಟಿದರೆ ಬೆರಳಿಗೆ ಅಂಟಿತು. ಅದೇ ಕೆಂಪು ಬಾಗಿಲವರೆಗೆ, ಆಚೆ ಕಾರ್ಪೆಟ್ಟಿನ ಮೇಲೂ ಇತ್ತು. ಟೈಲಿನ ಚೂಪು ಅಂಚಿಗೆ ಅಮ್ಮನ ಹೆಬ್ಬೆರಳು ಕೊಯ್ದಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ.

ಸೋಫಾದ ಮೇಲೆ ಕೂರಿಸಿ ಕಾಲು ತೊಳೆದು ಪಟ್ಟಿ ಕಟ್ಟಿದೆ. ಕೂಗಿದ್ದಕ್ಕೆ ನಾಚಿಕೆಯಾಗಿತ್ತು, ಡಾಕ್ಟರ ಮಾತು ನೆನಪಾಗಿ ಪಟ್ಟಿ ಬಿಚ್ಚಿ ಇನ್ನೊಮ್ಮೆ ನೋಡಿದೆ. "ಏನಾಗಲ್ಲ ಬಿಡೋ, ನೋವೇ ಇಲ್ಲ" ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ನೋವಿಲ್ಲದ್ದೇ ಅಲ್ಲವೇ ನಮ್ಮ ಕಷ್ಟ. ಬೆಳಿಗ್ಗೆ ರಜೆ ಹಾಕಿ ಡಾಕ್ಟರ ಹತ್ತಿರ ಓಡಿದೆ. ಮೂರು ವಾರ ದಿನಾ ಪಟ್ಟಿ ಬದಲಿಸಿದೆ. ಪುಣ್ಯಕ್ಕೆ ಗಾಯ ಮಾಯಿತು. ಅಷ್ಟರಲ್ಲಿ ನೆಲ ಒಣಗಿ, ಗ್ರೌಟ್ ಕೂತು, ಮೀಟರು ವೈರು ಬದುಕಿದೆ ಎಂದೂ ಹೇಳಿತು.

ಪೂಜೆಗೆ ಮತ್ತೆ ಹೋದ ಮೊದಲ ದಿನ ಅಮ್ಮ ದೇವರ ಮುಂದೆ ಬರಿಗಾಲಲ್ಲಿ ನಿಂತಿದ್ದಳು. ಬಿಸಿ ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದ ಎಂಬತ್ತು ಡಿಗ್ರಿ, ಅಂದರೆ ಉಗುರುಬೆಚ್ಚಗೆ, ಮೀರದಂತೆ ಮೊದಲೇ ಹೊಂದಿಸಿಟ್ಟಿದ್ದೆ. ಕಾಫಿ ಲೋಟ ಹಿಡಿದು ಗೋಡೆಯ ಸ್ವಿಚ್ಚಿನ ಕಡೆ ಹೋಗುತ್ತಿದ್ದೆ. ಅವಳು ನನ್ನತ್ತ ತಿರುಗಿ ಮುಖ ಅರಳಿಸಿದಳು.

"ಎಷ್ಟು ಬೆಚ್ಚಗಿದೆ ಕಣೋ! ಕಾಲಿಗೆ ಹಾಯಾಗಿದೆ."

ನಾನಿನ್ನೂ ಸ್ವಿಚ್ ಹಾಕಿರಲಿಲ್ಲ.

"ಹೌದಮ್ಮ" ಅಂದೆ. ಅವಳು ಗಂಟೆ ಬಾರಿಸಲು ಆ ಕಡೆ ತಿರುಗಿದಾಗ, ಸದ್ದಾಗದಂತೆ ಒತ್ತಿದೆ.